ಪೆನ್ಸಿಲ್‌ನಲ್ಲಿ ಬರೆದ ಅಂಕಿ: ಅಜೈಲ್ ತಂಡದವರು ರಿಕ್ವೈರ್ಮೆಂಟ್ ಕೇಳುವುದು ಹೇಗೆ

"ಎಲ್ಲಾ ಮೊಬೈಲ್‌ನಾಗೆ ಕಾಣ್ಬೇಕು ನೋಡಪ. ಅಷ್ಟೇ."

ದಾವಣಗೆರೆಯ ಒಬ್ಬ ಮೆಕ್ಕೆಜೋಳದ ವ್ಯಾಪಾರಿ ನಮಗೆ ಕೊಟ್ಟ ರಿಕ್ವೈರ್ಮೆಂಟ್, ಅಂದರೆ ಸಾಫ್ಟ್‌ವೇರ್ ಏನು ಮಾಡಬೇಕು ಅನ್ನುವ ಬೇಡಿಕೆ, ಇದು. ಪೂರ್ತಿ ಇಷ್ಟೇ. ನಮ್ಮದು ಐದು ಜನರ ತಂಡ, ವಿದ್ಯಾನಗರದಲ್ಲಿ ಮಹಡಿ ಮೇಲೊಂದು ಸಣ್ಣ ಆಫೀಸು. ತಲೆಯಾಡಿಸಿ ಬಂದೆವು. ಮೂರು ವಾರ ಕೂತು ಗ್ರಾಫು, ಬಣ್ಣಬಣ್ಣದ ಚಕ್ರ, ತಿಂಗಳವಾರು ಪಟ್ಟಿ ಎಲ್ಲ ಮಾಡಿದೆವು. ಸಾಹುಕಾರ್ರು ನೋಡಿ "ಚೆಂದ ಐತಿ" ಅಂದರು. ಟೀ ತರಿಸಿದರು. ಆಮೇಲೆ ಒಂದು ದಿನವೂ ಅದನ್ನು ತೆರೆಯಲಿಲ್ಲ. ಸರ್ವರ್ ಲಾಗ್ ನೋಡಿದರೆ ಗೊತ್ತಾಗುತ್ತದಲ್ಲ.

ಅವರದೇನೂ ತಪ್ಪಿಲ್ಲ. ನಾವು "ಏನು ಬೇಕು" ಅಂತ ಕೇಳಿದೆವು. ಹಾಗೆ ಕೇಳಿದರೆ ಯಾರಾದರೂ ಆಸೆಯನ್ನೇ ಹೇಳುತ್ತಾರೆ. "ನಿನ್ನೆ ಏನಾಯ್ತು" ಅಂತ ಕೇಳಿದ್ದರೆ ಕೆಲಸ ಹೇಳುತ್ತಿದ್ದರು. ಆ ಮೂರು ವಾರ ಹಾಳಾದ ಮೇಲೆ ನಾವು ಕಲಿತಿದ್ದನ್ನು ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ. ಸಣ್ಣ ತಂಡಗಳಿಗೆ, ಅದರಲ್ಲೂ ಊರಿನ ವ್ಯಾಪಾರಿಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವವರಿಗೆ ಜಾಸ್ತಿ ಉಪಯೋಗ.

ಅಜೈಲ್ ಅಂದರೆ ಏನೂ ಬರೆಯಬಾರದು ಅಂತಲ್ಲ

ಮೊದಲು ಈ ಗೊಂದಲ ಮುಗಿಸೋಣ. ಅಜೈಲ್ ಅಂದರೆ ಸಾಫ್ಟ್‌ವೇರನ್ನು ಸಣ್ಣ ಸಣ್ಣ ತುಂಡಾಗಿ ಮಾಡಿ, ಬಳಸುವವರಿಗೆ ಆಗಾಗ ತೋರಿಸಿ ತಿದ್ದಿಕೊಳ್ಳುತ್ತ ಹೋಗುವ ಪದ್ಧತಿ. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್‌ನಲ್ಲಿ 17 ಜನ ಸೇರಿ ಅಜೈಲ್ ಪ್ರಣಾಳಿಕೆ ಬರೆದರು. ದಪ್ಪ ದಪ್ಪ ದಾಖಲೆಗಿಂತ ಓಡುವ ಸಾಫ್ಟ್‌ವೇರ್‌ಗೆ ಹೆಚ್ಚು ಬೆಲೆ ಅಂತ ಅದರಲ್ಲಿದೆ. ಹಾಗಂತ ದಾಖಲೆಗೆ ಬೆಲೆಯೇ ಇಲ್ಲ ಅಂತ ಅವರು ಹೇಳಲಿಲ್ಲ. ಅದಕ್ಕೂ ಬೆಲೆ ಇದೆ, ಇದಕ್ಕೆ ಹೆಚ್ಚು ಅಂತ ಅದೇ ಪುಟದಲ್ಲಿ ಬಿಡಿಸಿ ಬರೆದಿದ್ದಾರೆ. ನಮ್ಮಲ್ಲಿ ಎಷ್ಟೋ ತಂಡಗಳು ಅರ್ಧ ಓದಿ, "ನಾವು ಅಜೈಲ್, ಬರೆಯೋ ಪದ್ಧತಿ ಇಲ್ಲ" ಅನ್ನುತ್ತವೆ. ಬರೆಯೋಕೆ ಸೋಮಾರಿತನ, ಅದಕ್ಕೊಂದು ಒಳ್ಳೆ ಹೆಸರು ಸಿಕ್ಕಿತು, ಅಷ್ಟೇ.

ಆರು ತಿಂಗಳಿಗಾಗುವಷ್ಟನ್ನು ಒಂದೇ ಸಲ ಬರೆಯಬೇಕಿಲ್ಲ. ಮುಂದಿನ ಎರಡು ವಾರಕ್ಕೆ ಬೇಕಾದ್ದನ್ನು ಚೊಕ್ಕವಾಗಿ, ಆಮೇಲಿನದನ್ನು ಮೇಲುಮೇಲೆ ಬರೆದರೆ ಸಾಕು.

ಹಂತ 1: ಯಾರ ಮಾತು ಕಡೆಯದು ಅಂತ ಗೊತ್ತು ಮಾಡಿಕೊಳ್ಳಿ

ನಮ್ಮ ವ್ಯಾಪಾರಿಯ ಅಂಗಡಿಯಲ್ಲಿ ಮೂವರಿದ್ದರು. ದುಡ್ಡು ಕೊಡುವವರು ಸಾಹುಕಾರ್ರು. ಸಾಫ್ಟ್‌ವೇರ್ ಬೇಕು ಅಂತ ಹಟ ಹಿಡಿದವನು ಅವರ ಮಗ, ಬೆಂಗಳೂರಿನಲ್ಲಿ ಓದಿ ಬಂದವನು. ದಿನಾ ಅದರ ಮುಂದೆ ಕೂರಬೇಕಾದವರು ಹಳೆಯ ಗುಮಾಸ್ತರು. ನಾವು ಮಾತಾಡಿದ್ದು ಮೊದಲಿಬ್ಬರ ಹತ್ತಿರ ಮಾತ್ರ.

ಹೋದ ಕೂಡಲೇ ಮೂರು ಹೆಸರು ಬರೆದುಕೊಳ್ಳಿ. ದುಡ್ಡು ಕೊಡುವವರು ಯಾರು, ಕೈಯಾರೆ ಬಳಸುವವರು ಯಾರು, ಇಬ್ಬರ ಮಾತೂ ಬೇರೆಯಾದಾಗ ತೀರ್ಮಾನ ಹೇಳುವವರು ಯಾರು. ಅಜೈಲ್‌ನ ಒಂದು ಬಗೆಯಾದ ಸ್ಕ್ರಮ್ ಪದ್ಧತಿಯಲ್ಲಿ ಮೂರನೆಯವರಿಗೆ ಪ್ರಾಡಕ್ಟ್ ಓನರ್ ಅನ್ನುತ್ತಾರೆ. ಅದು ಒಬ್ಬರೇ ಆಗಿರಬೇಕು, ಕಮಿಟಿ ಆಗಬಾರದು ಅಂತ ಸ್ಕ್ರಮ್ ಗೈಡ್ ನೇರವಾಗಿಯೇ ಹೇಳುತ್ತದೆ. ಅಪ್ಪ ಒಂದು, ಮಗ ಇನ್ನೊಂದು ಹೇಳುವ ಅಂಗಡಿಯಲ್ಲಿ ಕೆಲಸ ಮಾಡಿದವರಿಗೆ ಇದು ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ. ನಾವು ಕೊನೆಗೆ ಮಗನನ್ನು ಆ ಜಾಗದಲ್ಲಿ ಕೂರಿಸಿದೆವು. ಆದರೆ ಒಂದು ಷರತ್ತು: ಗುಮಾಸ್ತರನ್ನು ಕೇಳದೆ ಯಾವುದಕ್ಕೂ "ಹೂಂ" ಅನ್ನುವ ಹಾಗಿಲ್ಲ.

ಹಂತ 2: ಹೋಗಿ ಕೂತು ನೋಡಿ

ಒಂದು ಬೆಳಿಗ್ಗೆ ಲ್ಯಾಪ್‌ಟಾಪ್ ಬಿಟ್ಟು, ಒಂದು ನೋಟ್‌ಬುಕ್ ಹಿಡಿದು ಮಾರುಕಟ್ಟೆ ಯಾರ್ಡಿನ ಆ ಅಂಗಡಿಗೆ ಹೋದೆ. ಗುಮಾಸ್ತರ ಪಕ್ಕ ಒಂದು ಸ್ಟೂಲ್ ಎಳೆದುಕೊಂಡು ಕೂತೆ. ಸುಮ್ನೆ ನೋಡುವುದು, ಬೇರೆ ಕೆಲಸ ಇಲ್ಲ.

ಅವರ ಮುಂದೆ ಕೆಂಪು ರಟ್ಟಿನ ಉದ್ದ ಪುಸ್ತಕ. ಒಂದೊಂದು ಲಾರಿಗೆ ಒಂದೊಂದು ಸಾಲು. ತಾರೀಕು, ಲಾರಿ ನಂಬರ್, ಲೋಡ್ ತೂಕ, ಖಾಲಿ ತೂಕ, ನಿವ್ವಳ, ಯಾವ ಫ್ಯಾಕ್ಟರಿಗೆ ಹೋಯಿತು. ಎಲ್ಲ ನೀಲಿ ಇಂಕಿನಲ್ಲಿ, ಮುತ್ತಿನಂಥ ಅಕ್ಷರ. ಸಾಲಿನ ಕೊನೆಯಲ್ಲಿ, ಅಂಚಿನ ಗೆರೆಯಾಚೆ, ಪೆನ್ಸಿಲ್‌ನಲ್ಲಿ ಸಣ್ಣದಾಗಿ ಒಂದು ಅಂಕಿ. ಒಂದರ ಪಕ್ಕ 4, ಇನ್ನೊಂದರ ಪಕ್ಕ ಎರಡೂವರೆ. ಕೆಲವಕ್ಕೆ ಏನೂ ಇಲ್ಲ.

"ಇದೇನು ಯಜಮಾನ್ರೆ?"

"ಅದಾ? ಫ್ಯಾಕ್ಟ್ರಿಯವ್ರು ಕಡ್ದಿದ್ದು. ಹಸಿ ಐತಿ ಅಂತ ಕಡೀತಾರೆ. ಸಾಹುಕಾರ್ರು ಸಂಜಿಗೆ ಬಂದ್ರೆ ಮೊದ್ಲು ಇದನ್ನೇ ನೋಡೋದು."

ಮಾಲು ಹಸಿ ಅಂತ ಫ್ಯಾಕ್ಟರಿಯವರು ತೂಕದಲ್ಲಿ ಮಾಡಿದ ಕಡಿತ ಅದು. ನಮ್ಮ ಮೂರು ವಾರದ ಗ್ರಾಫಿನಲ್ಲಿ ಆ ಅಂಕಿಗೆ ಜಾಗವೇ ಇರಲಿಲ್ಲ.

ನೋಡುವಾಗ ಇಂಥವನ್ನೇ ಹುಡುಕಿ. ಪುಸ್ತಕದ ಅಂಚಿನಲ್ಲಿ ಬರೆದದ್ದು, ಗೋಡೆಗೆ ಅಂಟಿಸಿದ ಚೀಟಿ, ಮೇಜಿನ ಗಾಜಿನ ಕೆಳಗಿಟ್ಟ ಕಾಗದ, ಮೊಬೈಲ್‌ನಲ್ಲಿ ತೆಗೆದಿಟ್ಟ ಫೋಟೋ, ಎರಡೆರಡು ಸಲ ಎಣಿಸುವ ಲೆಕ್ಕ. ಈಗಿರುವ ಪದ್ಧತಿಯಲ್ಲಿ ಎಲ್ಲಿ ಜಾಗ ಸಾಲದೋ ಅಲ್ಲಿ ಜನ ತಾವೇ ಒಂದು ದಾರಿ ಮಾಡಿಕೊಂಡಿರುತ್ತಾರೆ. ಕೇಳಿದರೆ ಅದನ್ನು ಹೇಳುವುದಿಲ್ಲ, ಯಾಕೆಂದರೆ ಅವರಿಗೆ ಅದು ಒಂದು ವಿಷಯ ಅಂತಲೇ ಅನ್ನಿಸಿರುವುದಿಲ್ಲ.

ಸಮಯ ನೋಡಿಕೊಂಡು ಹೋಗಿ. ಮುಂಗಾರಿನ ಮೆಕ್ಕೆಜೋಳ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಯಾರ್ಡಿಗೆ ರಾಶಿ ರಾಶಿ ಬರುತ್ತದೆ. ಆಗ ಮೀಟಿಂಗ್ ಅಂತ ಕರೆದರೆ ಬೈಸಿಕೊಳ್ಳುತ್ತೀರಿ. ಆದರೆ ನೋಡುವುದಕ್ಕೆ ಅದಕ್ಕಿಂತ ಒಳ್ಳೆ ಕಾಲ ಇಲ್ಲ. ಕೇಳುವುದನ್ನು ಬಿಡುವಿನ ತಿಂಗಳಲ್ಲಿ ಇಟ್ಟುಕೊಳ್ಳಿ.

ಹಂತ 3: "ಯಾಕೆ" ಅಂತ ಕೇಳಿ, ಆದರೆ ಪೊಲೀಸರ ಹಾಗಲ್ಲ

ಐದು ಸಲ "ಯಾಕೆ" ಕೇಳುವ ಪದ್ಧತಿ ಜಪಾನಿನ ಟೊಯೋಟಾ ಕಾರ್ಖಾನೆಯಿಂದ ಬಂದದ್ದು. ಮಷೀನು ನಿಂತಾಗ ಬೇರಿನವರೆಗೆ ಹೋಗೋಕೆ ಅದು ಸರಿ. ಎದುರಿಗೆ ಕೂತ ಅರವತ್ತು ವರ್ಷದ ಸಾಹುಕಾರ್ರಿಗೆ ಐದು ಸಲ "ಯಾಕೆ" ಅಂದು ನೋಡಿ, ಎರಡನೇ ಸಲಕ್ಕೇ ಮುಖ ಗಂಟಿಕ್ಕುತ್ತಾರೆ. ನಾನು ಬೇರೆ ಥರ ಕೇಳುತ್ತೇನೆ. "ಮೊಬೈಲ್‌ನಲ್ಲಿ ಕಂಡ ಮೇಲೆ ನೀವು ಏನು ಮಾಡ್ತೀರಿ ಸಾಹುಕಾರ್ರೆ?"

"ಏನ್ ಮಾಡ್ತೀನಿ, ಫ್ಯಾಕ್ಟ್ರಿಗೆ ಫೋನ್ ಹಚ್ತೀನಿ. ಯಾಕಪ ಇಷ್ಟು ಕಡ್ದಿ ಅಂತ."

"ಈಗ ಹಚ್ಚಲ್ವಾ?"

"ಹಚ್ತೀನಿ. ಆದ್ರ ಲೆಕ್ಕ ಸಿಗೋ ಹೊತ್ತಿಗೆ ಹದಿನೈದು ದಿನ ಆಗಿರ್ತತಿ. ಆಗ ಹೇಳಿದ್ರೆ ಅವ್ರು ಕೇಳಂಗಿಲ್ಲ."

ಇಷ್ಟೇ ಸಾಕಾಯಿತು. ಅವರಿಗೆ ಬೇಕಾಗಿದ್ದುದು ಗ್ರಾಫು ತುಂಬಿದ ಡ್ಯಾಶ್‌ಬೋರ್ಡ್ ಅಲ್ಲವೇ ಅಲ್ಲ. ಫ್ಯಾಕ್ಟರಿಯವರು ಕಡಿದದ್ದು ಲೆಕ್ಕಕ್ಕಿಂತ ಜಾಸ್ತಿಯಾದರೆ ಅದೇ ದಿನ ಗೊತ್ತಾಗಬೇಕು. "ಎಲ್ಲಾ ಕಾಣ್ಬೇಕು" ಅನ್ನುವ ಮಾತಿನ ಒಳಗಿದ್ದ ಕಾಳು ಇದು.

ಹಂತ 4: ಅವರ ಮಾತಿನ ಅರ್ಥ ಬರೆದಿಡಿ

ಚೀಲ ಅಂದರೆ ಎಷ್ಟು? ರೈತರಿಗೆ ಚೀಲ ಅಂದರೆ ತುಂಬಿ ಹೊಲಿದ ಒಂದು ಚೀಲ, ತೂಕ ಹೆಚ್ಚುಕಡಿಮೆ. ಹಮಾಲರಿಗೆ ಅದು ಕೂಲಿಯ ಲೆಕ್ಕ. ಗುಮಾಸ್ತರಿಗೆ ಚೀಲ ಬರೀ ಎಣಿಕೆ, ದುಡ್ಡಿನ ಲೆಕ್ಕವೆಲ್ಲ ಕ್ವಿಂಟಾಲ್‌ನಲ್ಲೇ. ನಮ್ಮ ಹುಡುಗ ಒಬ್ಬ ಚೀಲಕ್ಕೆ ಇಷ್ಟು ಕಿಲೋ ಅಂತ ಕೋಡ್‌ನಲ್ಲೇ ಗಟ್ಟಿ ಮಾಡಿಬಿಟ್ಟಿದ್ದ. ಯಾರೂ ಅವನಿಗೆ ಹಾಗೆ ಹೇಳಿರಲಿಲ್ಲ, ಅವನೂ ಕೇಳಿರಲಿಲ್ಲ.

"ಪಾರ್ಟಿ" ಅನ್ನುವ ಮಾತೂ ಹಾಗೇ. ಮಾಲು ತಂದವರೂ ಪಾರ್ಟಿ, ಕೊಂಡವರೂ ಪಾರ್ಟಿ. "ತೂಕ" ಇನ್ನೂ ಮೋಸದ್ದು: ಅಂಗಡಿಯ ಕಾಟಾದ ತೂಕ, ಇಲ್ಲಿನ ವೇಬ್ರಿಡ್ಜ್ (ಲಾರಿ ತೂಗುವ ಕಾಟಾ) ತೂಕ, ಫ್ಯಾಕ್ಟರಿಯ ವೇಬ್ರಿಡ್ಜ್ ತೂಕ. ಮೂರೂ ಬೇರೆ ಬೇರೆ ಬರುತ್ತವೆ.

ಒಂದು ಪುಟದ ಪದಪಟ್ಟಿ ಮಾಡಿ, ಆಫೀಸಿನ ಗೋಡೆಗೆ ಹಚ್ಚಿ. ಅವರು ಹೇಳುವ ಮಾತನ್ನೇ ಇಡಿ, ನಿಮ್ಮದು ತುರುಕಬೇಡಿ. ಸ್ಕ್ರೀನಿನಲ್ಲೂ ಅದೇ ಮಾತು ಬರಲಿ. ಒಂದು ಮಾತಿಗೆ ಎರಡು ಅರ್ಥ ಇದ್ದರೆ ಎರಡು ಹೆಸರು ಮಾಡಿ, "ನಮ್ಮ ತೂಕ", "ಫ್ಯಾಕ್ಟರಿ ತೂಕ" ಅಂತ.

ಹಂತ 5: ಕಾರ್ಡ್ ಬರೆಯಿರಿ

ಬಳಸುವವರಿಗೆ ಏನು ಬೇಕು ಅಂತ ಒಂದು ಕಾರ್ಡಿನಲ್ಲಿ ಚಿಕ್ಕದಾಗಿ ಬರೆಯುವುದಕ್ಕೆ ಯೂಸರ್ ಸ್ಟೋರಿ ಅನ್ನುತ್ತಾರೆ. ಅದು ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್ ಅನ್ನುವ ಇನ್ನೊಂದು ಅಜೈಲ್ ಪದ್ಧತಿಯ ಕಡೆಯಿಂದ ಬಂದದ್ದು. "ನಾನು ಇಂಥವನು, ನನಗೆ ಇಂಥದ್ದು ಬೇಕು, ಯಾಕೆಂದರೆ ಹೀಗೆ" ಅನ್ನುವ ಮೂರು ತುಂಡಿನ ಸಾಲು ಎಲ್ಲರಿಗೂ ಗೊತ್ತು. ಕಾರ್ಡ್ ಬರೆದರೆ ಕೆಲಸ ಮುಗಿಯಿತು ಅಂದುಕೊಳ್ಳುವವರೇ ಜಾಸ್ತಿ. 2001ರಲ್ಲಿ ರಾನ್ ಜೆಫ್ರೀಸ್ ಇದನ್ನು ಮೂರು ಭಾಗ ಮಾಡಿ ಹೇಳಿದರು: ಕಾರ್ಡ್, ಮಾತುಕತೆ, ಖಾತ್ರಿ. ಕಾರ್ಡ್ ಅನ್ನುವುದು ಮದುವೆಯ ಕರೆಯೋಲೆ ಇದ್ದ ಹಾಗೆ, ಮದುವೆ ಆಗುವುದು ಮಾತುಕತೆಯಲ್ಲಿ.

ನಮ್ಮ ಕಾರ್ಡ್ ಹೀಗಿತ್ತು: "ಸಾಹುಕಾರ್ರಿಗೆ ಫ್ಯಾಕ್ಟರಿ ಎಷ್ಟು ಕಡಿದಿದೆ, ಎಷ್ಟು ಕಡಿಯಬೇಕಿತ್ತು ಅಂತ ಅದೇ ದಿನ ಕಾಣಬೇಕು. ಯಾಕೆಂದರೆ ತಡವಾದರೆ ಫ್ಯಾಕ್ಟರಿಯವರು ಮಾತು ಕೇಳಲ್ಲ."

"ಯಾಕೆಂದರೆ" ಆದ ಮೇಲೆ ಬರೆಯೋಕೆ ಏನೂ ಹೊಳೆಯದಿದ್ದರೆ ಆ ಕಾರ್ಡನ್ನು ಪಕ್ಕಕ್ಕಿಡಿ. ಬಹುತೇಕ ಅದು ಯಾರಿಗೂ ಬೇಕಿರುವುದಿಲ್ಲ.

ಹಂತ 6: ಅಂಕಿ ಹಾಕಿ ಉದಾಹರಣೆ ಮಾಡಿ

ಬೇರೆಲ್ಲ ಬಿಟ್ಟರೂ ಈ ಹಂತ ಬಿಡಬೇಡಿ.

ಮ್ಯಾಟ್ ವಿನ್ ಅನ್ನುವವರು ಹೇಳಿಕೊಟ್ಟ ಒಂದು ಆಟ ಇದೆ, ನಾಲ್ಕು ಬಣ್ಣದ ಕಾರ್ಡಿನದು. ಹಳದಿಯಲ್ಲಿ ಸ್ಟೋರಿ, ನೀಲಿಯಲ್ಲಿ ನಿಯಮ, ಹಸಿರಿನಲ್ಲಿ ಉದಾಹರಣೆ, ಕೆಂಪಿನಲ್ಲಿ ಉತ್ತರ ಸಿಗದ ಪ್ರಶ್ನೆ. ಬಳಸುವವರ ಪರವಾಗಿ ಒಬ್ಬರು, ಡೆವಲಪರ್ ಒಬ್ಬರು, ಟೆಸ್ಟರ್ ಒಬ್ಬರು ಕೂರಬೇಕು. ಒಂದು ಸ್ಟೋರಿಗೆ 25 ನಿಮಿಷ. ಅಷ್ಟರಲ್ಲಿ ಮುಗಿಯದಿದ್ದರೆ ಸ್ಟೋರಿ ದೊಡ್ಡದು, ಇಲ್ಲ ಅದರ ಬಗ್ಗೆ ನಮಗೆ ಗೊತ್ತಿರುವುದು ಕಮ್ಮಿ ಅಂತ ಅರ್ಥ. ಬಣ್ಣದ ಕಾರ್ಡ್ ಸಿಗಲಿಲ್ಲ ಅಂದರೆ ಬಿಳಿ ಹಾಳೆ ಹರಿದು ಸ್ಕೆಚ್ ಪೆನ್ನಿನಲ್ಲಿ ಬರೆಯಿರಿ, ನಡೆಯುತ್ತದೆ.

ನೀಲಿ ಕಾರ್ಡಿನಲ್ಲಿ ನಾವು ಬರೆದ ನಿಯಮ: "ತೇವಾಂಶ 14 ದಾಟಿದರೆ ಕಡಿತ." ಬೆಂಬಲ ಬೆಲೆಗೆ ಕೊಳ್ಳುವಾಗ ಸರ್ಕಾರದ ಗುಣಮಟ್ಟದ ಲೆಕ್ಕದಲ್ಲೂ ಮೆಕ್ಕೆಜೋಳದ ತೇವಾಂಶ ಶೇ. 14 ಮೀರಬಾರದು, ಹಾಗಾಗಿ ಯಾರೂ ತಕರಾರು ಮಾಡಲಿಲ್ಲ. ಎಲ್ಲರಿಗೂ ಅರ್ಥವಾಯಿತು ಅಂತ ಎದ್ದು ಹೋಗುವವರಿದ್ದೆವು. ನಮ್ಮ ಟೆಸ್ಟರ್ ಹುಡುಗಿ ಬಿಡಲಿಲ್ಲ. "ಅಣ್ಣಾ, ನೂರು ಕ್ವಿಂಟಾಲ್ ಹೋಯ್ತು, ಮೀಟರ್‌ನಲ್ಲಿ 18 ಬಂತು. ಎಷ್ಟಕ್ಕೆ ದುಡ್ಡು ಬರಬೇಕು? ಎಲ್ಲರೂ ಬೇರೆ ಬೇರೆ ಬರೆದು ತೋರಿಸಿ."

ಗುಮಾಸ್ತರು 96 ಅಂತ ಬರೆದರು. 14ರ ಮೇಲೆ ನಾಲ್ಕು ಪಾಯಿಂಟ್, ಒಂದು ಪಾಯಿಂಟಿಗೆ ನೂರಕ್ಕೆ ಒಂದು, ನಾಲ್ಕು ಹೋದರೆ 96. ಡೆವಲಪರ್ ಹುಡುಗ 95.35 ಅಂತ ಬರೆದ. ಅವನ ಲೆಕ್ಕ ಬೇರೆ: ನೂರರಲ್ಲಿ 18 ನೀರು ಅಂದರೆ ಒಣ ಕಾಳು 82. ತೇವಾಂಶ 14 ಇರುವ ಮಾಲಿನಲ್ಲಿ ನೂರಕ್ಕೆ 86 ಒಣ ಕಾಳು. 82ನ್ನು 86ರಿಂದ ಭಾಗಿಸಿ ನೂರರಿಂದ ಗುಣಿಸಿದರೆ 95.35.

ಎರಡೂ ಲೆಕ್ಕ ತಪ್ಪಲ್ಲ. ನಡುವಿನ ಅಂತರ 65 ಕಿಲೋ. ಕ್ವಿಂಟಾಲ್‌ಗೆ 2,000 ರೂಪಾಯಿ ಅಂತ ಇಟ್ಟುಕೊಂಡರೂ ಒಂದು ಲೋಡಿಗೆ 1,300 ರೂಪಾಯಿ. ಮಗ ಬಾಯಿ ತೆರೆದು ನೋಡುತ್ತಿದ್ದ. ಸಾಹುಕಾರ್ರಿಗೆ ಫೋನ್ ಮಾಡಿ ಕೇಳಿದರೆ, ಒಂದು ಫ್ಯಾಕ್ಟರಿ ಮೊದಲನೇ ಥರ, ಇನ್ನೊಂದು ಎರಡನೇ ಥರ ಕಡಿಯುತ್ತದೆ ಅಂದರು. ಒಂದೇ ಸಾಲಿನ ನಿಯಮ ಎರಡಾಯಿತು, ಫ್ಯಾಕ್ಟರಿಗೊಂದು ಸೆಟ್ಟಿಂಗ್ ಬೇಕಾಯಿತು. ಕೋಡ್ ಬರೆದ ಮೇಲೆ ಇದು ಹೊರಬಿದ್ದಿದ್ದರೆ?

ಟೆಸ್ಟರ್ ಅಲ್ಲಿಗೂ ನಿಲ್ಲಲಿಲ್ಲ. ಸರಿಯಾಗಿ 14 ಬಂದರೆ? ಕಡಿತ ಇಲ್ಲ. 14.3 ಬಂದರೆ? ಯಾರಿಗೂ ಗೊತ್ತಿಲ್ಲ, ಕೆಂಪು ಕಾರ್ಡ್. 13 ಬಂದರೆ ಜಾಸ್ತಿ ದುಡ್ಡು ಕೊಡ್ತಾರಾ? ಗುಮಾಸ್ತರು ನಕ್ಕುಬಿಟ್ಟರು: "ಯಾರ್ ಕೊಡ್ತಾರವಾ!"

ಅಂಚಿನ ಅಂಕಿ ಕೇಳುವುದು ಅಂದರೆ ಇದೇ. ಗಡಿಯ ಮೇಲಿನದು, ಗಡಿಯಿಂದ ಸ್ವಲ್ಪ ಆಚೆ, ಸ್ವಲ್ಪ ಈಚೆ, ಸೊನ್ನೆ, ಖಾಲಿ ಬಿಟ್ಟದ್ದು. ಇಷ್ಟು ಕೇಳಿದರೆ ಮುಕ್ಕಾಲು ಪಾಲು ಗೊಂದಲ ಮೇಜಿನ ಮೇಲೇ ಬಿದ್ದುಹೋಗುತ್ತದೆ.

ಆಮೇಲೆ ಹಸಿರು ಕಾರ್ಡನ್ನು ಮೂರು ಸಾಲಿಗೆ ಇಳಿಸಿ. ಡ್ಯಾನ್ ನಾರ್ತ್ ರೂಢಿಗೆ ತಂದ ಈ ಅಚ್ಚು ಕನ್ನಡಕ್ಕೆ ಚೆನ್ನಾಗಿ ಒಗ್ಗುತ್ತದೆ.

ಹೀಗಿದ್ದಾಗ: ಈ ಫ್ಯಾಕ್ಟರಿಗೆ ಪಾಯಿಂಟ್ ಲೆಕ್ಕ ಇಟ್ಟಿದೆ, ಫ್ಯಾಕ್ಟರಿ ತೂಕ 100 ಕ್ವಿಂಟಾಲ್.
ಹೀಗೆ ಮಾಡಿದರೆ: ಗುಮಾಸ್ತರು ತೇವಾಂಶ 18, ದುಡ್ಡು ಬಂದ ತೂಕ 95 ಅಂತ ಎಂಟ್ರಿ ಮಾಡಿದರೆ.
ಹೀಗಾಗಬೇಕು: "ಬರಬೇಕಿದ್ದು 96, ಒಂದು ಕ್ವಿಂಟಾಲ್ ಕಮ್ಮಿ" ಅಂತ ಸಾಹುಕಾರ್ರ ಮೊಬೈಲಿಗೆ ಹೋಗಬೇಕು.

ಇದನ್ನು ಗುಮಾಸ್ತರು ಓದಿ ಸರಿ ತಪ್ಪು ಹೇಳಬಹುದು. ಟೆಸ್ಟರ್ ಇದನ್ನೇ ಟೆಸ್ಟ್ ಮಾಡಿಕೊಳ್ಳಬಹುದು. ಬೇರೆ ದಾಖಲೆ ಯಾಕೆ ಬೇಕು?

ಹಂತ 7: ಕೇಳಿದ್ದನ್ನು ತಿರುಗಿಸಿ ಹೇಳಿ

ಬೆಣ್ಣೆ ದೋಸೆ ಹೋಟೆಲಿನ ಸಪ್ಲೈಯರ್ ಏನು ಮಾಡುತ್ತಾನೆ? "ಎರಡು ಬೆಣ್ಣೆ, ಒಂದು ಓಪನ್, ಅಲ್ವಾ?" ಅಂತ ಕೇಳಿಯೇ ಒಳಗೆ ಕೂಗುತ್ತಾನೆ. ಅಷ್ಟು ಮಾಡಿ. ಅದೇ ದಿನ ಸಂಜೆ ಐದಾರು ಸಾಲು ವಾಟ್ಸ್ಯಾಪ್‌ನಲ್ಲಿ ಕಳಿಸಿ. "ನಮಗೆ ಅರ್ಥವಾದದ್ದು ಇದು, ಮುಂದಿನ ಎರಡು ವಾರ ಇದಿಷ್ಟು ಮಾಡ್ತೀವಿ, ಇದು ಮಾಡಲ್ಲ." ಆ ಕೊನೆಯ ತುಂಡು ಮರೆಯಬೇಡಿ. ಮುಂದೆ ಜಗಳ ಬರುವುದೆಲ್ಲ ಅಲ್ಲೇ. ಇಂಗ್ಲಿಷಿನಲ್ಲಿ ಕಳಿಸಿದರೆ "ಓಕೆ" ಅಂತ ಬರುತ್ತದೆ. ಕನ್ನಡದಲ್ಲಿ ಕಳಿಸಿದರೆ ತಿದ್ದಿ ವಾಪಸ್ ಬರುತ್ತದೆ. ನಿಮಗೆ ಬೇಕಾಗಿರುವುದು ಎರಡನೆಯದು.

ಹಂತ 8: ಬಾಯಿಬಿಟ್ಟು ಹೇಳದ ರಿಕ್ವೈರ್ಮೆಂಟ್

ಯಾರೂ ಇವನ್ನು ಹೇಳುವುದಿಲ್ಲ, ಇಲ್ಲದಿದ್ದರೆ ಮಾತ್ರ ಬೈಯುತ್ತಾರೆ. ಕರೆಂಟ್ ಹೋದಾಗ ಅರ್ಧ ಮಾಡಿದ ಎಂಟ್ರಿ ಉಳಿಯಬೇಕಾ? ನೆಟ್ ಸಿಗದಿದ್ದರೆ? ಮೇಜಿನ ಮೇಲೆ ಕಾಳಿನ ಧೂಳು, ಕೈಗೂ ಧೂಳು, ಸಣ್ಣ ಬಟನ್ ಒತ್ತಲು ಆಗುತ್ತದಾ? ಹಣದ ಲೆಕ್ಕ ಯಾರು ನೋಡಬಹುದು, ಯಾರು ನೋಡಬಾರದು?

"ಕನ್ನಡದಲ್ಲಿ ಬರಬೇಕು" ಅನ್ನುವುದನ್ನು ಮಾತ್ರ ಸ್ವಲ್ಪ ಬಿಡಿಸಿ ಕೇಳಿ, ಅದು ಒಂದು ಸಾಲಿನ ಕೆಲಸ ಅಲ್ಲ. ಸ್ಕ್ರೀನು ಕನ್ನಡವೋ, ಬಿಲ್ಲೂ ಕನ್ನಡವೋ? ಎಷ್ಟೋ ಥರ್ಮಲ್ ಪ್ರಿಂಟರ್‌ಗಳ ಒಳಗೆ ಕನ್ನಡ ಅಕ್ಷರವೇ ಇರುವುದಿಲ್ಲ, ಬಿಲ್ಲನ್ನು ಚಿತ್ರ ಮಾಡಿ ಕಳಿಸಬೇಕು. ಹಳೆಯ ಹೆಸರಿನ ಪಟ್ಟಿ "ನುಡಿ" ತಂತ್ರಾಂಶದ ಹಳೇ ಫಾಂಟಿನಲ್ಲಿದ್ದರೆ ಯೂನಿಕೋಡ್‌ಗೆ ಬದಲಿಸದೆ ಹುಡುಕುವುದಕ್ಕೆ ಆಗಲ್ಲ. ನಾವು ಇದಕ್ಕೆ ಒಂದು ದಿನ ಸಾಕು ಅಂತ ಒಪ್ಪಿಕೊಂಡು ವಾರ ಕಳೆದೆವು.

ಹಂತ 9: ಒಡೆಯಿರಿ, "ಈ ಸಲ ಬೇಡ" ಅನ್ನಿ

ಒಳ್ಳೆಯ ಸ್ಟೋರಿ ಹೇಗಿರಬೇಕು ಅಂತ ನೋಡೋಕೆ 2003ರಲ್ಲಿ ಬಿಲ್ ವೇಕ್ ಹೇಳಿದ "ಇನ್ವೆಸ್ಟ್" ಅನ್ನುವ ಒರೆಗಲ್ಲು ಇದೆ. ಅದರ ಆರು ಗುಣಗಳಲ್ಲಿ ನಾನು ಮೂರನ್ನು ಮಾತ್ರ ದಿನಾ ನೋಡುತ್ತೇನೆ: ಸಣ್ಣದಾ, ಟೆಸ್ಟ್ ಮಾಡಬಹುದಾ, ಯಾರಿಗಾದರೂ ಪ್ರಯೋಜನವಾ.

ಒಡೆಯುವಾಗ ಸ್ಕ್ರೀನ್ ಒಂದು, ಡೇಟಾಬೇಸ್ ಒಂದು ಅಂತ ಒಡೆಯಬೇಡಿ. ಅರ್ಧ ದೋಸೆಯಾದರೂ ತಿನ್ನಬಹುದು, ಬರೀ ಹಿಟ್ಟು ತಿನ್ನೋಕಾಗಲ್ಲ. ನಾವು ಮೊದಲು ಮಾಡಿದ್ದು ಒಂದೇ: ಫ್ಯಾಕ್ಟರಿ ಚೀಟಿಯ ಅಂಕಿ ಟೈಪ್ ಮಾಡಿದರೆ ವ್ಯತ್ಯಾಸ ತೋರಿಸುವುದು. ಚೀಟಿಯ ಫೋಟೋ ತೆಗೆದರೆ ತಾನೇ ಓದಿಕೊಳ್ಳುವುದು ಮಗನ ಆಸೆ. ಅದು ಇನ್ನೂ ಬ್ಯಾಕ್‌ಲಾಗ್‌ನ, ಅಂದರೆ ಮಾಡಬೇಕಾದ ಕೆಲಸಗಳ ಪಟ್ಟಿಯ, ತಳದಲ್ಲಿದೆ.

ಯಾವುದು ಮೊದಲು ಅಂತ ಆರಿಸೋಕೆ "ಮಾಸ್ಕೋ" ಅಂತ ಒಂದು ವಿಧಾನ ಇದೆ, ಡೈ ಕ್ಲೆಗ್ ಅನ್ನುವವರದು. ಬೇಕೇ ಬೇಕು, ಇರಬೇಕು, ಇದ್ದರೆ ಚೆನ್ನ, ಈ ಸಲ ಬೇಡ ಅಂತ ನಾಲ್ಕು ಗುಂಪು. ತೊಂದರೆ ಏನಂದರೆ ನಮ್ಮವರು ಎಲ್ಲವನ್ನೂ "ಬೇಕೇ ಬೇಕು" ಗುಂಪಿಗೆ ಹಾಕುತ್ತಾರೆ. ನಾನು ಕೇಳುವ ಪ್ರಶ್ನೆ ಬೇರೆ: "ಇದೊಂದು ಇಲ್ಲ ಅಂದ್ರೆ ನಾಳೆ ಬೆಳಿಗ್ಗೆ ಅಂಗಡಿ ಬಾಗಿಲು ತೆಗೀತೀರೋ ಇಲ್ವೋ?" ಪಟ್ಟಿ ತಾನಾಗಿಯೇ ಸಣ್ಣದಾಗುತ್ತದೆ.

ಹಂತ 10: ಅವರ ಕೈಗೇ ಕೊಡಿ

ಸ್ಪ್ರಿಂಟ್, ಅಂದರೆ ಎರಡು ವಾರದ ಕೆಲಸದ ಸುತ್ತು, ಮುಗಿದಾಗ ಪ್ರೊಜೆಕ್ಟರ್ ಹಾಕಿ ತೋರಿಸಬೇಡಿ. ಬಳಸುವವರ ಕೈಗೆ ಕೊಟ್ಟು, ನಿನ್ನೆಯ ನಿಜವಾದ ಚೀಟಿ ಮುಂದಿಟ್ಟು, ನೀವು ಬಾಯಿ ಮುಚ್ಚಿಕೊಂಡು ಕೂರಿ. ಎಲ್ಲಿ ಬೆರಳು ನಿಲ್ಲುತ್ತದೆ ಅಂತ ನೋಡಿ. "ಚೆಂದ ಐತಿ" ಅಂದರೆ ಹೆದರಿಕೊಳ್ಳಿ. "ಇದು ಹಿಂಗಲ್ಲ" ಅಂದರೆ ಟೀ ಕುಡಿಸಿ.

ನಾವೂ ಹಾಗೇ ಮಾಡಿದೆವು. ಗುಮಾಸ್ತರು ಎರಡು ಬೆರಳಿನಲ್ಲಿ ಮೂರು ಚೀಟಿ ಎಂಟ್ರಿ ಮಾಡಿದರು. ಸಾಹುಕಾರ್ರ ಮೊಬೈಲ್ "ಟಣ್" ಅಂತು. ಎಲ್ಲರಿಗೂ ಖುಷಿ. ಆಮೇಲೆ ಗುಮಾಸ್ತರು ಕಿವಿಯ ಹಿಂದಿದ್ದ ಪೆನ್ಸಿಲ್ ತೆಗೆದು, ಕೆಂಪು ರಟ್ಟಿನ ಪುಸ್ತಕದ ಅಂಚಿನಲ್ಲಿ ಮತ್ತೆ ಒಂದು ಅಂಕಿ ಬರೆದರು.

"ಕಂಪ್ಯೂಟರ್‌ನಲ್ಲಿ ಬಂತಲ್ಲ ಯಜಮಾನ್ರೆ, ಇನ್ನೂ ಯಾಕೆ ಬರೀತೀರಿ?"

"ಇದು ಬ್ಯಾರೆ ಲಾರಿದು ತಮ್ಮಾ. ಚೀಟಿ ಇನ್ನೂ ಬಂದಿಲ್ಲ. ಡ್ರೈವರ್ ಫೋನಿನಾಗೆ ಒಂದು ಹೇಳ್ತಾನೆ, ಚೀಟಿನಾಗೆ ಇನ್ನೊಂದು ಬರ್ತತಿ. ಅದಕ್ಕೇ ಪೆನ್ಸಿಲ್. ಚೀಟಿ ಬಂದ ಮ್ಯಾಲೆ ಅಳಿಸಿ ಇಂಕಿನಾಗೆ ಬರೀತೀನಿ."

ಅಂದು ಆ ಸ್ಟೂಲಿನ ಮೇಲೆ ಕೂತು ನಾನು ಅಂಕಿ ಏನು ಅಂತ ಕೇಳಿದ್ದೆ. ಪೆನ್ಸಿಲ್ ಯಾಕೆ ಅಂತ ಕೇಳಿರಲಿಲ್ಲ. ಜೇಬಿನಿಂದ ಇನ್ನೊಂದು ಹಳದಿ ಕಾರ್ಡ್ ತೆಗೆದು "ಬಾಯಿಮಾತಿನ ಕಡಿತ, ಚೀಟಿಯ ಕಡಿತ" ಅಂತ ಬರೆದುಕೊಂಡೆ.